ಕಾಲು ಎಕರೆ ಗಂಧದ ತೋಟಕ್ಕೆ 22 ಲಕ್ಷ ಕೊಡಬಹುದೇ?

ಪ್ರಶ್ನೆ: ಸರ್, ನಮಸ್ಕಾರ. ನನಗೆ 54 ವರ್ಷ. ರಾಜಾಜಿನಗರದಲ್ಲಿ ಮನೆ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ನೆಲಮಂಗಲದ ಹತ್ತಿರ ಇದ್ದ ಸೈಟು ಮಾರಿದ ದುಡ್ಡು ಬ್ಯಾಂಕಿನಲ್ಲಿದೆ. ಒಂದು ಕಂಪನಿಯವರು ಭಾನುವಾರ ಬಸ್ಸು ಮಾಡಿಕೊಂಡು ಹೋಗಿ ಶಿರಾ ಕಡೆ ಗಂಧದ ತೋಟ ತೋರಿಸಿದರು. 10 ಗುಂಟೆ ಜಮೀನು, 100 ಗಂಧದ ಗಿಡ, 22 ಲಕ್ಷ ರೂಪಾಯಿ. ನೋಂದಣಿ ನನ್ನ ಹೆಸರಿಗೇ. 15 ವರ್ಷ ಅವರೇ ನೋಡಿಕೊಳ್ಳುತ್ತಾರೆ. ಆಮೇಲೆ ಮರಕ್ಕೆ 10 ಕೆ.ಜಿ. ಚೇಗು (ಮರದ ಒಳಗಿನ ಗಟ್ಟಿ ತಿರುಳು), ಕೆ.ಜಿ.ಗೆ 10,000 ರೂ., ಒಟ್ಟು 1 ಕೋಟಿ. ಅರ್ಧ ನನಗೆ, ಅರ್ಧ ಅವರಿಗೆ, ಜಮೀನು ನನ್ನದೇ. ಸರ್ಕಾರವೇ ಕೊಳ್ಳುತ್ತದೆ, ತೆರಿಗೆಯೂ ಇಲ್ಲ ಎನ್ನುತ್ತಾರೆ. ನನ್ನ ಹೆಂಡತಿಯ ಅಣ್ಣ ಆ ಕಡೆಯವರೇ. ಅಲ್ಲಿ ಎಕರೆಗೆ 20 ಲಕ್ಷ ನಡೆಯುತ್ತಿದೆ, ನಿಮಗೆ ಯಾಕೆ ಬೇಕು ಭಾವ ಎನ್ನುತ್ತಾರೆ. ನಮ್ಮ ತಂದೆಯವರು ಮಾತ್ರ ಗಂಧದ ಗಿಡ ಇಟ್ಟುಕೊಂಡರೇ ಜೈಲು ಎಂದು ಹೆದರಿಸುತ್ತಿದ್ದಾರೆ. ಯಾರ ಮಾತು ಸರಿ? 1 ಲಕ್ಷ ಟೋಕನ್ ಕೊಟ್ಟಾಗಿದೆ.

ಉತ್ತರ: ಮೊದಲು ನಿಮ್ಮ ತಂದೆಯವರ ವಿಷಯ ಮುಗಿಸೋಣ. ಅವರು ಸುಳ್ಳು ಹೇಳುತ್ತಿಲ್ಲ, ಅವರು ಹೇಳುತ್ತಿರುವುದು ಹಳೆಯ ಕಾನೂನು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಅಲ್ಲಿಂದ ಸುಮಾರು 200 ವರ್ಷ, ಮರ ಯಾರ ಹೊಲದಲ್ಲಿ ಹುಟ್ಟಿದರೂ ಅದು ಸರ್ಕಾರದ್ದು. ಕಳುವಾದರೆ ಮಾತ್ರ ಉತ್ತರ ಕೊಡಬೇಕಾದವನು ರೈತ! ನಾನು ಅರಣ್ಯ ಇಲಾಖೆಗೆ ಸೇರಿದ ಹೊಸತರಲ್ಲಿ, ಬದುವಿನಲ್ಲಿ ಗಂಧದ ಸಸಿ ಕಂಡರೆ ಸಾಕು, ಗಾರ್ಡು ನೋಡುವ ಮೊದಲೇ ಕಿತ್ತು ಬಿಸಾಕುವ ರೈತರನ್ನು ಕಣ್ಣಾರೆ ನೋಡಿದ್ದೇನೆ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಯ 108ನೇ ಕಲಮಿಗೆ ತಿದ್ದುಪಡಿಯಾಯಿತು. ಅಲ್ಲಿಂದ ಮುಂದೆ ಜಮೀನು ಯಾರದ್ದೋ ಗಂಧವೂ ಅವರದ್ದೇ. ನೆಡಲು ಯಾರ ಅಪ್ಪಣೆಯೂ ಬೇಡ. ಕಡಿಯಲು ಮತ್ತು ಸಾಗಿಸಲು ಮಾತ್ರ ಇಲಾಖೆಯ ಅನುಮತಿ ಬೇಕು. ಆದ್ದರಿಂದ ಜೈಲಿನ ಭಯ ಬಿಡಿ ಎಂದು ತಂದೆಯವರಿಗೆ ಹೇಳಿ.

ಇನ್ನೊಂದು ಹಳೆಯ ಭಯವೂ ಹೋಗಿದೆ. ರೈತ ಕುಟುಂಬದವರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎನ್ನುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದರು. ಬೆಂಗಳೂರಿನ ಸುತ್ತ ಈ ಥರದ ತೋಟಗಳ ಜಾಹೀರಾತು ಜಾಸ್ತಿಯಾದದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಕೊಳ್ಳಬಹುದೇ? ನೀವು ಲೆಕ್ಕದವರು. ಲೆಕ್ಕದಿಂದಲೇ ಶುರು ಮಾಡೋಣ.

ನಿಮ್ಮ ಭಾವಮೈದುನ ಹೇಳಿದ ದರ ಹಿಡಿದರೆ 10 ಗುಂಟೆಗೆ 5 ಲಕ್ಷ. ಬೇಲಿ, ಡ್ರಿಪ್, ಸಸಿ, ಗುಂಡಿ ತೋಡಿದ ಕೂಲಿ ಎಲ್ಲ ಸೇರಿಸಿ ಧಾರಾಳವಾಗಿ ಇನ್ನು 2 ಲಕ್ಷ ಹಾಕಿ. 7 ಲಕ್ಷ ಆಯಿತು. ಉಳಿದ 15 ಲಕ್ಷ ಯಾವುದಕ್ಕೆ? ಅದು ಕಂಪನಿ ನಿಮಗೆ ಮಾರುತ್ತಿರುವ ಒಂದು ಮಾತಿಗೆ. 15 ವರ್ಷ ನೋಡಿಕೊಳ್ಳುತ್ತೇವೆ ಎನ್ನುವ ಮಾತು ಅದು. ನೀವು ಗಂಧ ಕೊಳ್ಳುತ್ತಿಲ್ಲ. ಒಂದಿಷ್ಟು ನೆಲ, ಅದರ ಮೇಲೆ ಈ ಮಾತು, ಇವೆರಡನ್ನೇ ಕೊಳ್ಳುತ್ತಿದ್ದೀರಿ. ಎರಡನ್ನೂ ಬೇರೆ ಬೇರೆ ತೂಗಿ ನೋಡಬೇಕು.

ಈಗ ಕಂಪನಿಯ ಲೆಕ್ಕವನ್ನು ಒಂದು ಅಕ್ಷರ ಬದಲಿಸದೆ ನಂಬೋಣ. 15 ವರ್ಷಕ್ಕೆ ನಿಮ್ಮ ಪಾಲು 50 ಲಕ್ಷ. ಅದೇ 22 ಲಕ್ಷವನ್ನು ಶೇ 7 ಬಡ್ಡಿ ಸಿಗುವ ಕಡೆ ಇಟ್ಟು, ಬಡ್ಡಿಯನ್ನೂ ಮುಟ್ಟದೆ ಬಿಟ್ಟರೆ 15 ವರ್ಷಕ್ಕೆ ಸುಮಾರು 60 ಲಕ್ಷ. ಬಡ್ಡಿಗೆ ತೆರಿಗೆ ಕಟ್ಟಬೇಕು, ನಿಜ. ಆದರೂ ನೋಡಿ, ಅವರದೇ ಕರಪತ್ರದಲ್ಲಿ ಎಲ್ಲವೂ ಅಂದುಕೊಂಡ ಹಾಗೇ ಆದರೂ ಗಂಧದಿಂದ ಬರುವುದು ಬ್ಯಾಂಕಿನ ಹತ್ತಿರ ಹತ್ತಿರಕ್ಕೆ, ಅಷ್ಟೇ. ಉಳಿಯುವ ಲಾಭ ಏನಿದ್ದರೂ ಜಮೀನಿನ ಬೆಲೆ ಏರಿದ್ದರಿಂದ. ಆ ಜಮೀನನ್ನು ನೀವು 5 ಲಕ್ಷಕ್ಕೇ ಕೊಳ್ಳಬಹುದಿತ್ತು!

1 ಕೋಟಿ ಅಂದ ತಕ್ಷಣ ನಮಗೆಲ್ಲ ಕಣ್ಣು ಕತ್ತಲೆ ಬರುತ್ತದೆ. 15 ವರ್ಷ ಎನ್ನುವ ಮಾತು ಕಿವಿಗೆ ಬೀಳುವುದೇ ಇಲ್ಲ.

ಮರಕ್ಕೆ 10 ಕೆ.ಜಿ. ಎಲ್ಲಿಂದ ಬಂತು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಗಂಧದ ಬಗ್ಗೆ ಜನರಿಗೆ ತಪ್ಪು ಕಲ್ಪನೆ ಇರುವುದೇ ಈ ಜಾಗದಲ್ಲಿ.

ಗಂಧದ ಮರದಲ್ಲಿ ದುಡ್ಡು ಇರುವುದು ಒಳಗಿನ ಚೇಗಿನಲ್ಲಿ ಮಾತ್ರ. ಹೊರಗಿನ ಬಿಳಿಗೆ ವಾಸನೆಯೂ ಇಲ್ಲ, ಹೇಳಿಕೊಳ್ಳುವ ಬೆಲೆಯೂ ಇಲ್ಲ. ಗಿಡ ಹುಟ್ಟಿದ ಕೂಡಲೇ ಚೇಗು ಕಟ್ಟುವುದಿಲ್ಲ. ಸಾಮಾನ್ಯವಾಗಿ 8, 10 ವರ್ಷದ ಮೇಲೆ ಸಣ್ಣಗೆ ಶುರುವಾಗುತ್ತದೆ. ಪಕ್ಕಪಕ್ಕದಲ್ಲಿ ಒಂದೇ ದಿನ ನೆಟ್ಟ ಎರಡು ಮರಗಳಲ್ಲಿ ಒಂದಕ್ಕೆ ಕಟ್ಟಿರುತ್ತದೆ, ಇನ್ನೊಂದಕ್ಕೆ ಹೆಸರಿಗೂ ಇರುವುದಿಲ್ಲ. ತಳಿ, ಮಣ್ಣು, ನೀರು, ಪಕ್ಕದ ಗಿಡ, ಎಲ್ಲದರ ಮೇಲೂ ಅದು ನಿಂತಿದೆ. ಹೊರಗೆ ದಪ್ಪ ಕಂಡರೆ ಒಳಗೆ ಚೇಗಿದೆ ಎಂದು ಅರ್ಥವಲ್ಲ. ನಾನು ನೋಡಿದ ಹಾಗೆ, ನೀರು ಗೊಬ್ಬರ ಸುರಿದು ಬೆಳೆಸಿದ ಗಿಡ ಬೇಗ ದಪ್ಪವಾಗುತ್ತದೆ, ಭಾನುವಾರದ ಬಸ್ಸಿನಲ್ಲಿ ಬಂದವರಿಗೆ ತೋರಿಸಲು ಚೆನ್ನಾಗಿರುತ್ತದೆ. ಕಲ್ಲು ನೆಲದಲ್ಲಿ ಕಷ್ಟಪಟ್ಟು ಬೆಳೆದ ಮರ ಸಣ್ಣಗಿದ್ದರೂ ಒಳಗೆ ಚೇಗು ಗಟ್ಟಿ ಇರುತ್ತದೆ.

ನಾನು ಕೆಲವು ಕಾಲ ಗಂಧದ ಕೋಠಿಯಲ್ಲಿ, ಅಂದರೆ ಇಲಾಖೆಯ ಗಂಧದ ಡಿಪೋದಲ್ಲಿ, ಕೆಲಸ ಮಾಡಿದ್ದೇನೆ. ಕಾಡಿನಿಂದ ಬಂದ ಮರವನ್ನು ಅಲ್ಲಿ ಬಾಚಿ ಹಿಡಿದು ಬಿಳಿ ಕೆತ್ತಿ, ಒಣಗಿಸಿ, ವರ್ಗ ಮಾಡಿ ತೂಗುತ್ತಾರೆ. ಕೆತ್ತುತ್ತಾ ಹೋದ ಹಾಗೆ ಮರ ಸಣ್ಣಗಾಗುತ್ತದೆ. ಒಣಗಿದ ಹಾಗೆ ಇನ್ನೂ ಹಗುರಾಗುತ್ತದೆ. ಮೊದಲ ದರ್ಜೆಯ ತುಂಡಿಗೆ ಕೋಠಿಯಲ್ಲಿ ವಿಲಾಯತ್ ಬುದ್ಧ ಎಂದು ಹೆಸರು. ಅದರ ಒಂದೊಂದು ತುಂಡೂ 9 ಕೆ.ಜಿ.ಗೆ ಕಡಿಮೆ ಇರಬಾರದು, ಬಿರುಕು ಪೊಳ್ಳು ಇರಬಾರದು. ಅದರ ಕೆಳಗೆ ಚೈನಾ ಬುದ್ಧ, ಪಂಜಂ ಎಂದು ಶುರುವಾಗಿ ಬೇರು, ಚಕ್ಕೆ, ಪುಡಿಯವರೆಗೆ ಹತ್ತಾರು ವರ್ಗಗಳು, ಒಂದೊಂದಕ್ಕೆ ಒಂದೊಂದು ಬೆಲೆ. ನಿಮ್ಮ ಕರಪತ್ರದಲ್ಲಿ ಇಡೀ ಮರಕ್ಕೇ 10 ಕೆ.ಜಿ. ಎಂದಿದೆ. ಅಂದರೆ ಅದು ಬೇರು, ಕೊಂಬೆ, ಚಕ್ಕೆ ಎಲ್ಲ ಸೇರಿದ ತೂಕ. ಅಷ್ಟಕ್ಕೂ ಒಂದೇ ದರ, ಅದೂ ಒಳ್ಳೆಯ ಮಾಲಿನ ದರ ಹಾಕಿದ್ದಾರೆ. ಕೋಠಿಯಲ್ಲಿ ಹೀಗೆ ಲೆಕ್ಕ ಬರೆದಿದ್ದರೆ ನಮ್ಮ ಸಾಹೇಬರು ಪುಸ್ತಕ ಮುಖಕ್ಕೆ ಎಸೆಯುತ್ತಿದ್ದರು.

ಸುಮ್ನೆ ಒಂದು ಉದಾಹರಣೆಗೆ, ಭವಿಷ್ಯ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. 100ರಲ್ಲಿ 60 ಮರ ಉಳಿದವು, ಸರಾಸರಿ 4 ಕೆ.ಜಿ. ಚೇಗು, ಎಲ್ಲ ವರ್ಗ ಸೇರಿ ಸರಾಸರಿ 6,000 ರೂ. ಎಂದಿಟ್ಟುಕೊಳ್ಳಿ. 14 ಲಕ್ಷ 40 ಸಾವಿರ. ನಿಮ್ಮ ಅರ್ಧ 7 ಲಕ್ಷ 20 ಸಾವಿರ. ಮೂರು ಅಂಕಿಗಳನ್ನು ಸ್ವಲ್ಪ ಸ್ವಲ್ಪ ತಗ್ಗಿಸಿದ್ದಕ್ಕೆ 50 ಲಕ್ಷ 7 ಲಕ್ಷಕ್ಕೆ ಇಳಿಯಿತು. ಒಂದನ್ನು ಇನ್ನೊಂದರಿಂದ ಗುಣಿಸುವ ಲೆಕ್ಕದ ಗುಣವೇ ಅದು, ನಿಮಗೆ ನಾನು ಹೇಳಬೇಕಾಗಿಲ್ಲ.

ಮರಕ್ಕೆ ವಯಸ್ಸಾದಷ್ಟೂ ಚೇಗು ಜಾಸ್ತಿ, ಎಣ್ಣೆಯೂ ಜಾಸ್ತಿ. ಕಾಡಿನಲ್ಲಿ ಹೆಸರು ಮಾಡಿದ ಗಂಧವೆಲ್ಲ 30, 40, 50 ವರ್ಷದ ಮರಗಳದ್ದು. 15 ವರ್ಷ ಎನ್ನುವುದು ಮರ ಕೊಟ್ಟ ಗಡುವಲ್ಲ. ಹೂಡಿಕೆದಾರ ಅಷ್ಟೇ ಕಾಯುತ್ತಾನೆ ಎಂದು ಕಂಪನಿ ಇಟ್ಟ ಗಡುವು. ಹೀಗಾಗಿ ಕರಾರಿನಲ್ಲಿ ಮೊದಲು ಹುಡುಕಬೇಕಾದದ್ದು ಒಂದೇ ವಾಕ್ಯ: ಯಾವಾಗ ಕಡಿಯಬೇಕು ಎಂದು ತೀರ್ಮಾನಿಸುವವರು ಯಾರು? 15ನೇ ವರ್ಷ ಕೊರೆದು ನೋಡಿದರೆ ಚೇಗು ಇನ್ನೂ ಬೆರಳು ದಪ್ಪ ಇದೆ, ಇನ್ನು 10 ವರ್ಷ ಬಿಡೋಣ ಎಂದು ನೀವು ಹೇಳಬಹುದೇ? ಬಿಟ್ಟರೆ ಆ 10 ವರ್ಷ ಕಾಯುವವರು ಯಾರು? ಆಗ ನಿಮಗೆ 69, ಇನ್ನೂ 10 ಸೇರಿದರೆ 79.

ಇನ್ನು ಗಿಡಗಳ ಸಂಖ್ಯೆ. 10 ಗುಂಟೆ ಎಂದರೆ 10,890 ಚದರ ಅಡಿ. 100 ಗಿಡ ಎಂದರೆ ಒಂದೊಂದಕ್ಕೆ 10 ಅಡಿಗೆ 10 ಅಡಿಗಿಂತ ಒಂದು ಚೂರು ಜಾಸ್ತಿ. ದಾರಿ, ಬೇಲಿ, ಪಂಪು ಮನೆಗೆ ಜಾಗವಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಸರೆ ಗಿಡ ಎಲ್ಲಿ? ಗಂಧ ಅರ್ಧ ಪರಾವಲಂಬಿ. ಎಲೆಯಲ್ಲಿ ತನ್ನ ಅಡುಗೆ ತಾನೇ ಮಾಡಿಕೊಂಡರೂ ನೀರು ಮತ್ತು ಉಪ್ಪನ್ನು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಹೀರುತ್ತದೆ. ಎಳೆಯದಿದ್ದಾಗ ತೊಗರಿ ಸಾಕು. ದೊಡ್ಡದಾದ ಮೇಲೆ ಹೊಂಗೆ, ಸರ್ವೆ, ನೆಲ್ಲಿಯಂಥ ಬಾಳಿಕೆಯ ಗಿಡ ಪಕ್ಕದಲ್ಲಿ ಬೇಕು. ಆಸರೆ ಇಲ್ಲದ ಗಂಧ ಮೂರ್ನಾಲ್ಕು ವರ್ಷಕ್ಕೆ ಹಳದಿಯಾಗಿ ಕೊರಗುತ್ತದೆ. ನೀವು ನೋಡಿದ ತೋಟದಲ್ಲಿ ಗಂಧದ ಸಾಲುಗಳ ನಡುವೆ ಏನಿತ್ತು ಎಂದು ನೆನಪಿಸಿಕೊಳ್ಳಿ. ಬರೀ ಕೆಂಪು ಮಣ್ಣು, ಚೆಂದದ ಸಾಲು, ಬೋರ್ಡು ಇದ್ದರೆ ಅದು ಫೋಟೋಗೆ ಮಾಡಿದ ತೋಟ.

ರೋಗವೂ ಇದೆ. ಎಲೆ ಸಣ್ಣಗಾಗಿ, ಒತ್ತೊತ್ತಾಗಿ, ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುವ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡಿತು. ಜಿಗಿಹುಳುಗಳಿಂದ ಹರಡುತ್ತದೆ. ಅಂಟಿದ ಮರ ಎರಡು ಮೂರು ವರ್ಷದಲ್ಲಿ ಒಣಗುತ್ತದೆ, ಇಂದಿಗೂ ಔಷಧಿ ಇಲ್ಲ. ಕಾಂಡ ಕೊರೆಯುವ ಹುಳ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲುವುದು, ಇವು ಬೇರೆ. ಕರಾರಿನಲ್ಲಿ ಸತ್ತ ಗಿಡದ ಬದಲು ಹೊಸ ಗಿಡ ನೆಡುತ್ತೇವೆ ಎಂದು ಬರೆದಿರುತ್ತಾರೆ. 9ನೇ ವರ್ಷ ಸತ್ತ ಮರದ ಜಾಗಕ್ಕೆ ಒಂದು ಅಡಿಯ ಸಸಿ ನೆಟ್ಟರೆ ಕರಾರು ಪಾಲಿಸಿದ ಹಾಗೇ ಆಯಿತಲ್ವಾ? ನಿಮಗೆ ಸಿಗುವುದು ಮಾತ್ರ ಆ ಸಸಿಯೇ.

ಕಾವಲು

ನನ್ನ ಅನುಭವದಲ್ಲಿ ಇಡೀ ವಿಷಯದ ಜೀವ ಇರುವುದು ಇಲ್ಲೇ. ಕಬ್ಬನ್ ಪಾರ್ಕಿನಂಥ ಊರಿನ ನಡುಮಧ್ಯದ ಜಾಗದಿಂದಲೇ ಗಂಧದ ಮರ ಕಳುವಾಗಿದೆ. ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಕಾಂಪೌಂಡಿನೊಳಗಿಂದಲೂ ಹೋಗಿದೆ. ಪೊಲೀಸರು, ಸೆಕ್ಯುರಿಟಿ, ಬೀದಿದೀಪ ಎಲ್ಲ ಇರುವ ಕಡೆಯ ಮಾತು ಇದು. ಹೊಲದ ನಡುವಿನ ತೋಟದ ಗತಿ ಯೋಚಿಸಿ.

ಕಳ್ಳರು ಮೊದಲು ಸಣ್ಣ ಬೈರಿಗೆ ಹಾಕಿ ಕೊರೆದು ಪುಡಿ ಮೂಸಿ ನೋಡುತ್ತಾರೆ. ಚೇಗಿದ್ದರೆ ಇನ್ನೊಂದು ರಾತ್ರಿ ಬರುತ್ತಾರೆ. ಆತುರಗಾರರು ನೋಡುವುದೂ ಇಲ್ಲ, ಕುಯ್ದೇ ಬಿಡುತ್ತಾರೆ. ಚೇಗಿಲ್ಲದಿದ್ದರೆ ಅಲ್ಲೇ ಬಿಟ್ಟು ಹೋಗುತ್ತಾರೆ. ನಿಮ್ಮ ನಷ್ಟ ಎರಡರಲ್ಲೂ ಒಂದೇ. ಅದೂ ಬುಡದ ಮೇಲಿನ ಒಂದು ತುಂಡು ಒಯ್ಯುತ್ತಾರೆ. ನಾವು ಕಾನೂನು ಪ್ರಕಾರ ತೆಗೆಯುವಾಗ ಗಂಧವನ್ನು ಕಡಿಯುವುದಿಲ್ಲ, ಬೇರು ಸಮೇತ ಕೀಳುತ್ತೇವೆ, ಏಕೆಂದರೆ ಬೇರಿನಲ್ಲೂ ಎಣ್ಣೆ ಇದೆ.

ಈಗ ಕಂಪನಿಯ ಜೇಬಿನ ಕಡೆಯಿಂದ ನೋಡಿ. 10 ಎಕರೆ, 40 ಜನ ಖರೀದಿದಾರರು ಎಂದಿಟ್ಟುಕೊಳ್ಳಿ. ರಾತ್ರಿಗೆ ಇಬ್ಬರು ಕಾವಲುಗಾರರು, ತಲಾ 18,000 ಸಂಬಳ. ವರ್ಷಕ್ಕೆ 4 ಲಕ್ಷ 32 ಸಾವಿರ. ಸಂಬಳ ಒಂದು ರೂಪಾಯಿ ಏರದಿದ್ದರೂ 15 ವರ್ಷಕ್ಕೆ 65 ಲಕ್ಷ. ಅದರ ಮೇಲೆ ನೀರು, ಕಳೆ, ಬೇಲಿ ದುರಸ್ತಿ, ಕ್ಯಾಮೆರಾ. ಕಂಪನಿಗೆ ದುಡ್ಡು ಬರುವುದು ಪ್ಲಾಟು ಮಾರುವ ಮೊದಲ ಒಂದೆರಡು ವರ್ಷ ಮಾತ್ರ. ಖರ್ಚು 15 ವರ್ಷ. ಅದರಲ್ಲೂ ಮೊದಲ 8 ವರ್ಷ ಕಾಯಲು ಏನೂ ಇಲ್ಲ, ಒಳಗೆ ಚೇಗೇ ಇಲ್ಲ. ಕಾವಲು ನಿಜವಾಗಿ ಬೇಕಾಗುವುದು ಕೊನೆಯ ಐದಾರು ವರ್ಷ. ಆ ಹೊತ್ತಿಗೆ ಮಾರಿದ ದುಡ್ಡು ಖಾಲಿಯಾಗಿರುತ್ತದೆ. ಒಳ್ಳೆಯ ಮನಸ್ಸಿನ ಕಂಪನಿಗೂ ಆಗ ಇರುವ ದಾರಿ ಒಂದೇ, ಇನ್ನೊಂದು ಊರಿನಲ್ಲಿ ಇನ್ನೊಂದು ತೋಟ ಮಾರಿ, ಆ ದುಡ್ಡಿನಲ್ಲಿ ನಿಮ್ಮ ತೋಟ ಕಾಯುವುದು. ಮಾರಾಟ ನಿಂತ ದಿನ ಕಾವಲೂ ನಿಲ್ಲುತ್ತದೆ. ಇಲ್ಲಿ ಮೋಸಗಾರರೇ ಇರಬೇಕು ಎಂದೇನಿಲ್ಲ, ವ್ಯವಹಾರ ಕಟ್ಟಿರುವ ರೀತಿಯೇ ಹಾಗಿದೆ.

ತುಮಕೂರು ಕಡೆಯ ಒಂದು ತೋಟದ ಖರೀದಿದಾರರು ಕೆಲವರು ಎರಡು ವರ್ಷದ ಹಿಂದೆ ನನ್ನನ್ನು ಕರೆದುಕೊಂಡು ಹೋದರು. ಗೇಟಿನ ಬೀಗ ತುಕ್ಕು ಹಿಡಿದಿತ್ತು. ಒಳಗೆ ಸೊಂಟದೆತ್ತರ ಹುಲ್ಲು. ಗಂಧ ಬದುಕಿತ್ತು, ಪಾಪ, ಅದು ಬದುಕುವ ಜಾತಿ. ಬೇಲಿಯ ಕಲ್ಲುಕಂಬಗಳೇ ಕಳುವಾಗಿದ್ದವು. ಕಂಪನಿಯ ಫೋನು ಎತ್ತುವವರಿಲ್ಲ. ಅಲ್ಲಿ ಯಾರ 10 ಗುಂಟೆ ಎಲ್ಲಿದೆ ಎಂದು ತೋರಿಸುವವರೂ ಇರಲಿಲ್ಲ. ಪಹಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರು ಜಂಟಿಯಾಗಿ ಕೂತಿತ್ತು.

ದೊಡ್ಡ ಕಂಪನಿ ಆದರೆ ಸರಿಯೇ ಎಂದು ಕೇಳಬಹುದು. ಆಸ್ಟ್ರೇಲಿಯಾದ ಕುನುನುರಾ ಎಂಬಲ್ಲಿ ನಮ್ಮದೇ ಜಾತಿಯ ಗಂಧವನ್ನು ಸಾವಿರಾರು ಹೆಕ್ಟೇರಿನಲ್ಲಿ ಬೆಳೆಸಿದ ಕ್ವಿಂಟಿಸ್ ಎಂಬ ಕಂಪನಿ ಇತ್ತು. ಅಲ್ಲಿ ಕಾಲುವೆ ನೀರಿತ್ತು, ವಿಜ್ಞಾನಿಗಳಿದ್ದರು, ಷೇರು ಮಾರುಕಟ್ಟೆಯಲ್ಲಿ ಹೆಸರಿತ್ತು. ಜನ ಇದೇ ರೀತಿ ದುಡ್ಡು ಹಾಕಿದ್ದರು. 2018ರ ಜನವರಿಯಲ್ಲಿ ಅದು ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಮರಗಳು ಮಾತ್ರ ತಮ್ಮ ಪಾಡಿಗೆ ಬೆಳೆಯುತ್ತಿದ್ದವು.

ಸರ್ಕಾರ ಕೊಳ್ಳುತ್ತದೆ, ತೆರಿಗೆ ಇಲ್ಲ, ನೋಂದಣಿ ನಿಮ್ಮದೇ

ಈ ಮೂರೂ ಅರ್ಧ ಸತ್ಯ. ಮೈಸೂರು ಸ್ಯಾಂಡಲ್ ಸೋಪು ಮಾಡುವ ಕೆಎಸ್‌ಡಿಎಲ್ ಬೆಳೆಗಾರರಿಂದ ಗಂಧ ಕೊಳ್ಳುವುದು ನಿಜ. 2022ರಲ್ಲಿ ರಾಜ್ಯ ಸಂಪುಟ ಶ್ರೀಗಂಧ ನೀತಿಗೆ ಒಪ್ಪಿಗೆಯನ್ನೂ ಕೊಟ್ಟಿತು, ಮಾರಾಟದ ದಾರಿ ಸುಲಭ ಮಾಡುವುದೇ ಅದರ ಉದ್ದೇಶ. ಆದರೆ ಕೊಳ್ಳುವುದು ಅಂದಿನ ದರಕ್ಕೆ, ಅಂದಿನ ವರ್ಗಕ್ಕೆ, ಕೆತ್ತಿ ಒಣಗಿಸಿದ ತೂಕಕ್ಕೆ. 15 ವರ್ಷದ ನಂತರ ಕೆ.ಜಿ.ಗೆ ಇಷ್ಟು ಕೊಡುತ್ತೇವೆ ಎಂದು ಯಾವ ಸರ್ಕಾರವೂ ಬರೆದುಕೊಟ್ಟಿಲ್ಲ. ಈ 20 ವರ್ಷದಲ್ಲಿ ರೈತರು ತುಂಬಾ ಗಂಧ ನೆಟ್ಟಿದ್ದಾರೆ ಎನ್ನುವುದನ್ನೂ ಮರೆಯಬೇಡಿ. ಅವೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಬೆಲೆ ಏನಾಗುತ್ತದೆ ಎನ್ನುವುದು ಟೊಮೆಟೊ ಬೆಳೆದವರಿಗೆ ಗೊತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗಿದೆ ಆ 10,000ದ ಲೆಕ್ಕ.

ತೆರಿಗೆ: ನೀವೇ ಉತ್ತು ನೆಟ್ಟು ಬೆಳೆದದ್ದು ಕೃಷಿ ಆದಾಯ, ಅದಕ್ಕೆ ವಿನಾಯಿತಿ ಇದೆ. ಕಂಪನಿ ತನ್ನ ಲೆಕ್ಕದಲ್ಲಿ ಎಲ್ಲರ ಮರ ಮಾರಿ ನಿಮಗೆ ಪಾಲು ಎಂದು ಕೊಟ್ಟರೆ ಅದು ಕೃಷಿ ಆದಾಯವೇ ಎಂದು ಅಧಿಕಾರಿ ಕೇಳದೇ ಬಿಡುವುದಿಲ್ಲ. ಕರಾರನ್ನು ನಿಮ್ಮ ಸಿಎಗೆ ಮೊದಲೇ ತೋರಿಸಿ.

ಮೂರನೆಯದು ನೋಂದಣಿ. ಇಲ್ಲಿ ಬರುವುದು ಷೇರು, ಹೂಡಿಕೆಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಸೆಬಿಯ ವಿಷಯ. 1990ರ ದಶಕದಲ್ಲಿ ತೇಗದ ಗಿಡದ ಹುಚ್ಚು ಹಿಡಿದಿತ್ತು, ನಿಮಗೂ ನೆನಪಿರಬಹುದು. ಇಷ್ಟು ಸಾವಿರಕ್ಕೆ ಒಂದು ಗಿಡ, 20 ವರ್ಷಕ್ಕೆ ಲಕ್ಷ ಎನ್ನುತ್ತಿದ್ದರು. ಜನ ದುಡ್ಡು ಕಳೆದುಕೊಂಡ ಮೇಲೆ 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮ ಬಂತು. ಸೆಬಿ ಕಾಯ್ದೆಯ 11ಎಎ ಕಲಂ ಕೇಳುವುದು ಸರಳ. ಹಲವರ ದುಡ್ಡು ಒಟ್ಟಾಗಿದೆಯೇ, ಲಾಭದ ಆಸೆಗೆ ಕೊಟ್ಟದ್ದೇ, ನಿಮ್ಮ ಪರವಾಗಿ ಬೇರೆಯವರು ನಡೆಸುತ್ತಾರೆಯೇ, ದಿನನಿತ್ಯದ ಹಿಡಿತ ನಿಮಗಿಲ್ಲವೇ? ನಾಲ್ಕಕ್ಕೂ ಹೌದು ಎಂದರೆ ಸೆಬಿ ನೋಂದಣಿ ಬೇಕು. ಜಮೀನು ನಿಮ್ಮ ಹೆಸರಿಗೆ ನೋಂದಣಿ ಆಗುವುದರಿಂದ ಇದು ಬೇಡ ಎನ್ನುತ್ತಾರೆ. ಅದು ಅಷ್ಟು ಸಲೀಸಾದ ಉತ್ತರವಲ್ಲ. 2014ರಲ್ಲಿ ಪಿಎಸಿಎಲ್ ಎಂಬ ಕಂಪನಿಗೆ ಹೂಡಿಕೆದಾರರ 49,100 ಕೋಟಿ ರೂ. ವಾಪಸ್ ಕೊಡಿ ಎಂದು ಸೆಬಿ ಆದೇಶಿಸಿತು. ಅದರ ವ್ಯವಹಾರವೂ ಕೃಷಿ ಜಮೀನು ಕೊಡಿಸಿ ಅಭಿವೃದ್ಧಿ ಮಾಡುವುದೇ ಆಗಿತ್ತು. ದುಡ್ಡು ಮರಳಿಸಲು 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿಯೇ ರಚನೆಯಾಗಬೇಕಾಯಿತು.

ಮನೆ, ಸೈಟು ಕೊಳ್ಳುವವರ ರಕ್ಷಣೆಗೆ ರೇರಾ ಕಾಯ್ದೆ ಇದೆಯಲ್ಲ ಎಂದುಕೊಂಡಿದ್ದರೆ, ಭೂ ಪರಿವರ್ತನೆ ಆಗದ ಕೃಷಿ ಜಮೀನಿನ ತುಂಡುಗಳಿಗೆ ಅದರ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬಹುದು

ನಿಮ್ಮ ಗುರಿ ನಿವೃತ್ತಿಗೆ ದುಡ್ಡು ಎಂದಾದರೆ, ಇದನ್ನು ಬಿಡಿ. 54ನೇ ವಯಸ್ಸಿನಲ್ಲಿ, ಬೇಕೆಂದಾಗ ಮಾರಲಾಗದ, ಮಧ್ಯೆ ಒಂದು ರೂಪಾಯಿ ಕೊಡದ ಜಾಗದಲ್ಲಿ ಇಷ್ಟು ದೊಡ್ಡ ಮೊತ್ತ ಹಾಕಬಾರದು. ಇದನ್ನು ಹೇಳಲು ಅರಣ್ಯಾಧಿಕಾರಿ ಬೇಕಿಲ್ಲ.

ಜಮೀನು ಬೇಕು, ಗಿಡದ ಮೇಲೆ ಪ್ರೀತಿ ಇದೆ ಎಂದಾದರೆ ನಿಮಗೆ ಬಹಳ ಜನರಿಗಿಲ್ಲದ ಒಂದು ಅನುಕೂಲ ಇದೆ. ಆ ಊರಿನಲ್ಲೇ ಇರುವ ಭಾವಮೈದುನ. ಅವರ ಕಣ್ಣಳತೆಯಲ್ಲಿ ಒಂದು ಎಕರೆ ಕೊಳ್ಳಿ. ಅವರು ಹೇಳಿದ ದರದಲ್ಲೇ ಸಿಕ್ಕರೆ ನಿಮ್ಮ 22 ಲಕ್ಷಕ್ಕೆ ಕಾಲು ಎಕರೆಯ ಬದಲು ಒಂದು ಎಕರೆ ಬಂತು. ಅದರಲ್ಲಿ ಬದುವಿಗೆ ಹೊಂಗೆ, ನಡುವೆ ಸೀತಾಫಲ, ನೆಲ್ಲಿ, ನುಗ್ಗೆ ಹಾಕಿ, ತೊಗರಿ ಬಿತ್ತಿ, ಇವುಗಳ ನಡುವೆ 60, 70 ಗಂಧ ಇಡಿ. ಮೂರನೇ ವರ್ಷದಿಂದ ನುಗ್ಗೆ, ಸೀತಾಫಲ ಏನಾದರೂ ಕೊಡುತ್ತವೆ. ಜನ ಓಡಾಡುವ, ದಿನವೂ ಕೆಲಸ ನಡೆಯುವ ಹೊಲದಲ್ಲಿ ಕಳ್ಳತನ ಕಡಿಮೆ. ಗಂಧ ಬಂದರೆ ಬಂತು, ಬಾರದಿದ್ದರೆ ಜಮೀನು ಹೇಗೂ ಇದೆ. ಗಂಧ ಬೆಳೆಸುವ ಬಗ್ಗೆ ಕಲಿಯಲು ಮಲ್ಲೇಶ್ವರ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಸಂಸ್ಥೆಗೆ ಹೋಗಿ, ಎಲ್ಲರೂ ಐಡಬ್ಲ್ಯೂಎಸ್‌ಟಿ ಎನ್ನುತ್ತಾರೆ. ರಾಜಾಜಿನಗರದಿಂದ ಆಟೋದಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇಲ್ಲದಿದ್ದರೆ. ಅವರು ಬೆಳೆಗಾರರಿಗೆ ತರಬೇತಿ ನಡೆಸುತ್ತಾರೆ. ಗಿಡ ನೆಟ್ಟ ಮೇಲೆ ಪಹಣಿಯ ಬೆಳೆ ಕಾಲಂನಲ್ಲಿ ಗಂಧದ ಮರಗಳ ಸಂಖ್ಯೆ ಸೇರಿಸಲು ಗ್ರಾಮ ಆಡಳಿತ ಅಧಿಕಾರಿಗೆ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ಅರ್ಜಿ ಕೊಡುವುದು ಮರೆಯಬೇಡಿ. ಮುಂದೆ ಕಟಾವಿನ ಅನುಮತಿಗೆ, ಕಳುವಾದರೆ ದೂರಿಗೆ, ರಸ್ತೆಗೆ ಜಮೀನು ಹೋದರೆ ಪರಿಹಾರಕ್ಕೆ, ಎಲ್ಲಕ್ಕೂ ಮೊದಲು ಕೇಳುವುದು ಅದನ್ನೇ.

ಇಷ್ಟೆಲ್ಲ ಕೇಳಿಯೂ ಕಂಪನಿಯ ತೋಟವೇ ಬೇಕು ಎಂದಾದರೆ, ಕೆಲವು ವಿಷಯಕ್ಕೆ ಜಗ್ಗಬೇಡಿ. ನಿಮ್ಮ 10 ಗುಂಟೆಗೆ 11ಇ ನಕ್ಷೆ (ಮಾರುವ ತುಂಡನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ) ಆಗಿ, ಪ್ರತ್ಯೇಕ ಹಿಸ್ಸಾ ನಂಬರ್ (ಸರ್ವೆ ನಂಬರಿನೊಳಗಿನ ಉಪನಂಬರ್) ಬಂದು, ಪಹಣಿಯಲ್ಲಿ ನಿಮ್ಮ ಹೆಸರು ಒಂದೇ ಇರಬೇಕು. ಜಂಟಿ ಪಹಣಿ ಬೇಡವೇ ಬೇಡ. ದಾರಿಯ ಹಕ್ಕು ಕ್ರಯಪತ್ರದಲ್ಲೇ ಬರೆದಿರಬೇಕು. ಕಂಪನಿಯ ಗೇಟಿನ ಮೂಲಕವೇ ಹೋಗಬೇಕು ಎಂದಾದರೆ ನಾಳೆ ಗೇಟು ಮುಚ್ಚಿದರೆ ನಿಮ್ಮ ಜಮೀನು ದ್ವೀಪ. ಮೂಲ ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದರೆ ಪಿಟಿಸಿಎಲ್ ಕಾಯ್ದೆ ಪ್ರಕಾರ ಎಷ್ಟು ವರ್ಷದ ಮೇಲೂ ಮಾರಾಟ ರದ್ದಾಗಬಹುದು, 2023ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿದೆ. ಗೋಮಾಳ (ದನ ಮೇಯಲು ಬಿಟ್ಟ ಸರ್ಕಾರಿ ಜಾಗ), ಖರಾಬು (ಸಾಗುವಳಿಗೆ ಬಾರದ ನೆಲ) ಸೇರಿದೆಯೇ ಎನ್ನುವುದನ್ನು ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಜಾಗದ ಮೇಲೆ ನಿಂತೇ ಒಮ್ಮೆ ನೋಡಬಹುದು, ಆಮೇಲೆ ಮೂಲ ದಾಖಲೆ ಹಿಡಿದು ವಕೀಲರಿಂದ ತಿಳಿಯಿರಿ. ಕಂಪನಿಯ ವಕೀಲರಿಂದಲ್ಲ.

ಜನರಲ್ ಪವರ್ ಆಫ್ ಅಟಾರ್ನಿಗೆ, ಅಂದರೆ ನಿಮ್ಮ ಪರವಾಗಿ ಅವರೇ ಸಹಿ ಹಾಕುವ ಅಧಿಕಾರ ಪತ್ರಕ್ಕೆ, ಸಹಿ ಕೇಳುತ್ತಾರೆ. ಕೊಡಬೇಡಿ. ಕಟಾವಿನ ಅರ್ಜಿಗೆ ಪಹಣಿದಾರನ ಸಹಿ ಬೇಕು. ನಿಮ್ಮ ಕೈಯಲ್ಲಿರುವ ಒಂದೇ ಒಂದು ಹಿಡಿತ ಅದು, ಅದನ್ನು ಮೊದಲ ದಿನವೇ ಬಿಟ್ಟುಕೊಡುವುದು ಯಾವ ಜಾಣತನ? ನೋಡಿಕೊಳ್ಳುವ ಖರ್ಚನ್ನು 15 ವರ್ಷಕ್ಕೆ ಒಟ್ಟಿಗೆ ಕೊಡದೆ ವರ್ಷ ವರ್ಷ ಕೊಡುತ್ತೇನೆ, ಕೆಲಸ ಸರಿ ಇಲ್ಲದಿದ್ದರೆ ಮೂರು ತಿಂಗಳ ನೋಟಿಸಿನಲ್ಲಿ ಬಿಡಿಸುತ್ತೇನೆ ಎನ್ನಿ. ಜಮೀನಿಗೆ ಜಮೀನಿನ ಬೆಲೆ, ಕೆಲಸಕ್ಕೆ ಕೆಲಸದ ಬೆಲೆ. ಇದಕ್ಕೆ ಒಪ್ಪುವ ಕಂಪನಿ ಸಿಕ್ಕರೆ ನನಗೂ ಒಂದು ಫೋನು ಮಾಡಿ, ನಾನೂ ನೋಡಬೇಕು.

ಇನ್ನು ನಿಮ್ಮ 1 ಲಕ್ಷ ಟೋಕನ್. ಅದು ಹೋಗುತ್ತದೆ ಎನ್ನುವ ಸಂಕಟಕ್ಕೇ ಉಳಿದ 21 ಲಕ್ಷ ಕಟ್ಟಿದವರನ್ನು ನೋಡಿದ್ದೇನೆ, ಆ ಕೆಲಸ ಮಾತ್ರ ಮಾಡಬೇಡಿ. ರಸೀದಿ ತೆಗೆದು ಹಿಂದಿನ ಪುಟ ಓದಿ, ಸಣ್ಣ ಅಕ್ಷರದಲ್ಲಿ ವಾಪಸಿನ ಷರತ್ತು ಅಲ್ಲೇ ಇರುತ್ತದೆ. ಫೋನಿನಲ್ಲಿ ಮಾತಾಡುತ್ತಾ ಕೂರದೆ ಇಮೇಲ್‌ನಲ್ಲಿ ಕೇಳಿ: ಪ್ರತ್ಯೇಕ ಹಿಸ್ಸಾ ನಂಬರ್ ಕೊಡುತ್ತೀರಾ, ಪವರ್ ಆಫ್ ಅಟಾರ್ನಿ ಇಲ್ಲದೆ ಆಗುತ್ತದೆಯಾ, ಸೆಬಿ ನೋಂದಣಿ ಇದೆಯಾ, ಇಲ್ಲದಿದ್ದರೆ ಯಾಕೆ ಬೇಡ ಎಂದು ಬರೆದುಕೊಡುತ್ತೀರಾ? ಉತ್ತರಕ್ಕೆ 15 ದಿನ ಕೊಡಿ. ಉತ್ತರ ಬಾರದಿದ್ದರೆ, ಅಥವಾ ಆಫೀಸಿಗೆ ಬನ್ನಿ ಕಾಫಿ ಕುಡಿಯುತ್ತಾ ಮಾತಾಡೋಣ ಎಂದರೆ, ಹಣ ವಾಪಸ್ ಕೇಳಿ ಇನ್ನೊಂದು ಇಮೇಲ್, ಅದರ ಮೇಲೆ ವಕೀಲರ ನೋಟಿಸು. ಆಗಲೂ ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಟೋಕನ್ನನ್ನು ನಗದಾಗಿ ಕೊಟ್ಟಿದ್ದೀರೋ ಚೆಕ್ಕಿನಲ್ಲೋ ಎಂದು ನೀವು ಬರೆದಿಲ್ಲ. ನಗದಾಗಿದ್ದರೆ ಆ ಮೊದಲ ಇಮೇಲ್‌ನಲ್ಲೇ ಯಾವ ತಾರೀಕು, ಯಾರ ಕೈಗೆ, ಎಷ್ಟು ಎಂದು ಬರೆದುಬಿಡಿ. ಇವತ್ತೇ ಕಳಿಸಿ.